ಯಜಮಾನರು ಈಗಷ್ಟೇ ಹೊರಗೆ ಹೋದರು

ಆ ಮುದ್ರಣಾಲಯದಲ್ಲಿ ಅವನನ್ನು ಎಲ್ಲರೂ ಕರಡಿ ಎಂದೇ ಕರೆಯುತ್ತಿದ್ದರು. ಕರಡು ತಿದ್ದುವವನು ಎಂಬುದು ಅರ್ಧ ಕಾರಣ, ಉಳಿದರ್ಧ ಅವನ ಸಿಟ್ಟು. ಕೆಲವರಿಗೆ ಮೂಗಿನ ತುದಿಯಲ್ಲಿ ಕೋಪ ಇರುತ್ತದೆ. ಇವನ ಮೂಗನ್ನೇ ಕೋಪದಿಂದ ಮಾಡಿದ್ದರು. ಹೆಸರಾಂತ ಕಾದಂಬರಿಕಾರನೊಬ್ಬ ತನ್ನ ನಾಯಕನ ಹೆಂಡತಿಗೆ ಆರಂಭದಲ್ಲಿ ಒಂದು ಹೆಸರು, ನಡುವಿನಲ್ಲಿ ಇನ್ನೊಂದು ಹೆಸರು ಇಟ್ಟಿದ್ದಾಗ ಇವನು ಪುಟದ ಅಂಚಿನಲ್ಲಿ, 'ಮೊದಲನೆಯವಳನ್ನು ಎಲ್ಲಿ ಹೂತಿರಿ?' ಎಂದು ಬರೆದು ಕಳಿಸಿದ್ದ. ಕಾದಂಬರಿಕಾರ ಕಾರಿನಲ್ಲಿ ಬಂದಿಳಿದು ಕೂಗಾಡಿದ. ಕರಡಿ ಕುರ್ಚಿಯಿಂದ ಏಳಲೂ ಇಲ್ಲ. "ಸರ್, ನಾನು ಕಥೆ ಓದೋನಲ್ಲ, ಅಕ್ಷರ ನೋಡೋನು. ನಿಮ್ಮ ಕಥೆ ಕಟ್ಕೊಂಡು ನನಗೇನಾಗಬೇಕು?" ಎಂದ. ಕಥೆ ಓದದವನಿಗೆ ಹೆಂಡತಿ ಬದಲಾದದ್ದು ಹೇಗೆ ತಿಳಿಯಿತು ಎಂದು ಅಲ್ಲಿದ್ದ ಯಾರಿಗೂ ಕೇಳಲು ಹೊಳೆಯಲಿಲ್ಲ. ಕೇಳಿದ್ದರೆ ಮುಂದಿನ ರಾದ್ಧಾಂತ ತಪ್ಪುತ್ತಿತ್ತೋ ಏನೋ.

ಸೀಸದ ಅಕ್ಷರಗಳ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲದಲ್ಲಿ ಆ ಕೋಣೆಯ ಕೆಲಸದ ರೀತಿಯೇ ಬೇರೆ ಇತ್ತು. ಕರಡಿಯ ಎದುರಿಗೆ ಒಬ್ಬಳು ಹೆಂಗಸು ಕೂರುತ್ತಿದ್ದಳು. ಅವಳನ್ನು ಓದೋ ಅಕ್ಕ ಎನ್ನುತ್ತಿದ್ದರು. ಲೇಖಕರ ಹಸ್ತಪ್ರತಿ ಅವಳ ಕೈಯಲ್ಲಿ, ಹಸಿ ಶಾಯಿಯ ಕರಡು ಇವನ ಕೈಯಲ್ಲಿ. ಅವಳು ಗಟ್ಟಿಯಾಗಿ ಓದಬೇಕು, ಇವನು ಅಕ್ಷರ ಅಕ್ಷರ ಹಿಂಬಾಲಿಸಬೇಕು. ಓದುವುದೆಂದರೆ ಕಥೆ ಹೇಳಿದ ಹಾಗಲ್ಲ. "ಅವಳು ಬಾಗಿಲು ತೆರೆದಳು ಪೂರ್ಣವಿರಾಮ ಹೊರಗೆ ಅಲ್ಪವಿರಾಮ ಬೀದಿಯಲ್ಲಿ ಅಲ್ಪವಿರಾಮ ಯಾರೂ ಇರಲಿಲ್ಲ ಪೂರ್ಣವಿರಾಮ" ಎಂದು ಒಂದೇ ಸಮನೆ, ಒಂದೇ ದನಿಯಲ್ಲಿ. ಯಾರು ಸತ್ತರೂ, ಯಾರ ಮದುವೆ ಮುರಿದರೂ ಅಕ್ಕನ ದನಿ ಒಂದು ಎಳೆಯೂ ಏರುತ್ತಿರಲಿಲ್ಲ. ಹೊಸಬರು ಬಂದಾಗ ಕರಡಿ ಅವರಿಗೆ ಮೊದಲು ಕಲಿಸುತ್ತಿದ್ದ ಪಾಠವೂ ಇದೇ. "ಕಥೆ ಕೇಳಿದ್ಯೋ, ಕಣ್ಣು ಜಾರ್ತದೆ. ಕಣ್ಣು ಜಾರಿತೋ, ತಪ್ಪು ಉಳೀತದೆ. ಮಾತು ಈ ಕಿವೀಲಿ ಬಂದು ಆ ಕಿವೀಲಿ ಹೋಗ್ಬೇಕು. ನಡುವೆ ಎಲ್ಲೂ ಕೂರಬಾರದು." ತನಗೆ ಈ ವಿದ್ಯೆ ಕೈವಶವಾಗಿದೆ ಎಂದು ಅವನು ಮನಸಾರೆ ನಂಬಿದ್ದ. ಸಾವಿರಗಟ್ಟಲೆ ಪುಟ ತಿದ್ದಿದ್ದೇನೆ, ಒಂದು ಸಾಲೂ ಮನೆಗೆ ತಂದಿಲ್ಲ ಎಂದು ಹೆಂಡತಿಯ ಮುಂದೆ ಎದೆ ತಟ್ಟಿಕೊಳ್ಳುತ್ತಿದ್ದ.

ಆಮೇಲೆ ಕಂಪ್ಯೂಟರು ಬಂತು, ಮೊಳೆಗಳು ಗುಜರಿಗೆ ಹೋದವು, ಅಕ್ಕನ ಕಣ್ಣು ಮಂಜಾಯಿತು. ಅವಳು ಕೆಲಸ ಬಿಟ್ಟು ಮಗಳ ಮನೆ ಸೇರಿದಳು. ಎದುರಿನ ಕುರ್ಚಿ ಖಾಲಿಯಾಯಿತು. ಕರಡಿ ಪರದೆಯ ಬೆಳಕಿಗೆ ಬೈಯುತ್ತ ಒಬ್ಬನೇ ಕೆಲಸ ಮಾಡತೊಡಗಿದ. ಆ ಒಂಟಿತನದಲ್ಲೇ ಅವನಿಗೆ ಬರೆಯುವ ಹುಚ್ಚು ಹತ್ತಿದ್ದು.

ಕಥೆ ಸ್ನಾನ ಮಾಡುವಾಗ ಹೊಳೆಯಿತಂತೆ. ತಲೆಗೆ ನೀರು ಸುರಿದುಕೊಂಡವನು ಹಾಗೇ ಟವೆಲ್ ಸುತ್ತಿಕೊಂಡು ಅಡುಗೆಮನೆಗೆ ಬಂದು ಹೆಂಡತಿಗೆ ಹೇಳಿದ. ಒಬ್ಬ ಗಡಿಯಾರ ರಿಪೇರಿಯವನು. ಹೆಂಡತಿ, ಒಂದು ಹೆಣ್ಣು ಮಗು. ಒಂದು ದಿನ ಅವನು ಮನೆ ಬಿಟ್ಟು ಹೋಗುತ್ತಾನೆ, ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಹೆಂಡತಿ ಮಾರನೆಯ ಬೆಳಿಗ್ಗೆ ಎಂದಿನಂತೆ ಅಂಗಡಿಯ ಬಾಗಿಲು ತೆರೆಯುತ್ತಾಳೆ. ಬಂದ ಗಿರಾಕಿಗಳಿಗೆಲ್ಲ "ಯಜಮಾನರು ಈಗಷ್ಟೇ ಹೊರಗೆ ಹೋದರು, ಗಡಿಯಾರ ಇಟ್ಟು ಹೋಗಿ" ಎನ್ನುತ್ತಾಳೆ. ಬಾಗಿಲು ಹಾಕಿದ ಮೇಲೆ ತಾನೇ ಕೂತು ರಿಪೇರಿ ಮಾಡುತ್ತಾಳೆ. ಗಂಡನ ಕೋಟು ಕುರ್ಚಿಯ ಬೆನ್ನಿಗೆ. ಮೇಜಿನ ಮೇಲೆ ಅರ್ಧ ಕುಡಿದಿಟ್ಟ ಚಹಾದ ಲೋಟ. ಪ್ರತಿ ಬೆಳಿಗ್ಗೆ ಅರ್ಧ ಲೋಟ ಕುಡಿದು, ಉಳಿದರ್ಧವನ್ನು ಅಪ್ಪನ ಹೆಸರಿನಲ್ಲಿ ಅಲ್ಲಿಡುವ ಕೆಲಸ ಮಗಳದು. ವರ್ಷಗಳು ಕಳೆಯುತ್ತವೆ, ಬೀದಿಗೆ ಬೀದಿಯೇ ಅವನು ಇದ್ದಾನೆಂದೇ ನಂಬಿರುತ್ತದೆ.

"ಅಯ್ಯೋ ದೇವರೇ, ಆ ಮಗು," ಎಂದು ಹೆಂಡತಿ ಸೌಟು ಕೈಯಲ್ಲೇ ಹಿಡಿದು ನಿಂತಳು. "ಎಲ್ಲಿಂದ ಹೊಳೀತು ನಿಮಗೆ?"

"ಅದೇ ನನಗೂ ಆಶ್ಚರ್ಯ ಕಣೇ. ಯಾರೋ ಕಿವೀಲಿ ಕೂತು ಹೇಳಿದ ಹಾಗೆ ಬಂತು."

ಬರೆಯಲು ವರ್ಷಗಳೇ ಹಿಡಿದವು. ಇನ್ನೊಬ್ಬರ ತಪ್ಪಿಗೆ ಉರಿದುಬೀಳುವವನು ತನ್ನ ತಪ್ಪಿಗೆ ಸುಮ್ಮನಿರುತ್ತಾನೆಯೇ? ಬರೆದ, ಹರಿದ, ಮತ್ತೆ ಬರೆದ. ಮೊದಲರ್ಧ ನೀರು ಹರಿದಂತೆ ಬಂತು. ಎರಡನೆಯ ಅರ್ಧಕ್ಕೆ ಅವನು ತಿಣುಕಾಡಿದ. ಕೊನೆಗೆ ಗಂಡನನ್ನು ವಾಪಸು ಕರೆಸುವ ಉಪಾಯ ಸಿಕ್ಕಿತು. ಮುದುಕನಾಗಿ ಮರಳಿದ ಗಡಿಯಾರದವನು ತನ್ನದೇ ಅಂಗಡಿಯ ಕಟ್ಟೆಯ ಮುಂದೆ ನಿಂತು ಯಜಮಾನರು ಇದ್ದಾರೆಯೇ ಎಂದು ಕೇಳುತ್ತಾನೆ. ಗುರುತು ಹತ್ತದ ಮಗಳು, ಈಗಷ್ಟೇ ಹೊರಗೆ ಹೋದರು ಎನ್ನುತ್ತಾಳೆ. ಆ ಪುಟ ಬರೆದ ದಿನ ಕರಡಿ ಅತ್ತಿದ್ದ. ಅವನು ಅತ್ತದ್ದನ್ನು ಹೆಂಡತಿ ಅದೇ ಮೊದಲ ಸಲ ನೋಡಿದ್ದು. ಮುದ್ರಣಾಲಯದ ಯಜಮಾನ ತಾನೇ ಅಚ್ಚು ಹಾಕುವುದಾಗಿ ಮಾತು ಕೊಟ್ಟ. ಇಡೀ ಆಯುಷ್ಯ ಬೇರೆಯವರ ಪುಸ್ತಕಕ್ಕೆ ಕಣ್ಣು ತೇದವನಿಗೆ ಕೊನೆಗೂ ರಟ್ಟಿನ ಮೇಲೆ ತನ್ನ ಹೆಸರಿರುವ ಒಂದು ಪುಸ್ತಕ ಸಿಗಲಿತ್ತು. ಪುಟಗಳು ಸಿದ್ಧವಾಗಿ, ತನ್ನದೇ ಪುಸ್ತಕದ ಕರಡು ತನ್ನದೇ ಮೇಜಿನ ಮೇಲೆ ಬಂದು ಕೂತಿತ್ತು.

ಆ ವಾರವೇ ಹೆಂಡತಿ ಬಡಾವಣೆಯ ಗ್ರಂಥಾಲಯದಿಂದ ಬೀದಿಯುದ್ದಕ್ಕೂ ಓಡಿಕೊಂಡೇ ಬಂದಳು. ಮುಖವೆಲ್ಲ ನಗು.

"ಏನ್ರೀ ನೀವು! ಒಂದು ಮಾತು ಹೇಳ್ಬಾರದಾ? ಪುಸ್ತಕ ಬಂದೇಬಿಟ್ಟಿದೆಯಲ್ಲ!" ಎನ್ನುತ್ತ ಹೊಸದೊಂದು ಪುಸ್ತಕವನ್ನು ಅವನ ಮಡಿಲಿಗೆ ಹಾಕಿದಳು. "ಅದೆಲ್ಲ ಸರಿ, ಹೆಂಗಸಿನ ಹೆಸರು ಯಾಕೆ ಹಾಕ್ಕೊಂಡ್ರಿ?"

ಕರಡಿ ಮೊದಲ ಪುಟ ತೆರೆದ. ಗಡಿಯಾರದ ಅಂಗಡಿ. ಕುರ್ಚಿಯ ಬೆನ್ನಿಗೆ ಕೋಟು. ಹತ್ತನೆಯ ಪುಟಕ್ಕೆ ಬರುವಷ್ಟರಲ್ಲಿ ಅರ್ಧ ಲೋಟ ಚಹಾ. ಕೂತಿದ್ದವನು ಎದ್ದು ನಿಂತ, ನಿಂತೇ ಓದಿದ, ಹೆಂಡತಿ ಕೊಟ್ಟ ಕಾಫಿ ಕಿಟಕಿಯ ಕಟ್ಟೆಯ ಮೇಲೆ ಆರಿ ತಣ್ಣಗಾಯಿತು. ಪುಸ್ತಕದ ಹಿಂದೆ ಲೇಖಕಿಯ ಚಿತ್ರವಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತಿಯಾದವರು, ಇದು ಮೊದಲ ಕೃತಿ ಎಂದು ಬರೆದಿತ್ತು. ಬಿಳಿ ಕೂದಲು, ಗಂಟು ಮುಖ. ಅವನು ಆ ಚಿತ್ರವನ್ನು ನೋಡಿ ಹಲ್ಲು ಕಡಿದ.

ಒಂದು ಸಂಗತಿ ಅವನ ತಿದ್ದುವ ಕಣ್ಣಿಗೆ ಆಗಲೇ ಬಿದ್ದಿತ್ತು. ಹೋಲಿಕೆ ಇದ್ದದ್ದು ಅರ್ಧಕ್ಕೆ ಮಾತ್ರ. ಮಗಳಿಗೆ ಹನ್ನೆರಡು ತುಂಬುವ ಅಧ್ಯಾಯದವರೆಗೆ ಎರಡೂ ಒಂದೇ ಅಚ್ಚಿನವು. ಅಲ್ಲಿಂದ ಮುಂದೆ ಅವಳ ಪುಸ್ತಕ ಬೇರೆ ದಾರಿ ಹಿಡಿಯುತ್ತಿತ್ತು. ಅದರಲ್ಲಿ ಗಂಡ ಬರುವುದೇ ಇಲ್ಲ. ಕೊನೆಗೆ ಹೆಂಡತಿ ಬೋರ್ಡಿನಿಂದ ಅವನ ಹೆಸರು ಒರೆಸಿ ತನ್ನ ಹೆಸರು ಬರೆಸುತ್ತಾಳೆ. ಕರಡಿಗೆ ಇದರ ಅರ್ಥ ಸೂರ್ಯನಷ್ಟು ಸ್ಪಷ್ಟವಾಗಿತ್ತು. ಕಳ್ಳರ ಕೈಗೆ ಅರ್ಧ ಸಿಕ್ಕಿದೆ, ಉಳಿದದ್ದು ಸಿಕ್ಕಿಲ್ಲ.

"ಯಾರೋ ಕೊಟ್ಟಿದಾರೆ," ಎಂದು ಗುಡುಗಿದ. "ಯಾರು ಕೊಟ್ಟದ್ದು? ಅದನ್ನ ಹೇಳು."

"ನನ್ನ ಕೇಳಿದ್ರೆ?"

"ಇನ್ಯಾರನ್ನ ಕೇಳಲಿ? ಈ ಕಥೆ ನಾನು ಹೇಳಿದ್ದು ನಿನಗೆ. ದಿನಾ ಸಂಜೆ ಗ್ರಂಥಾಲಯದಲ್ಲಿ ನಾಲ್ಕು ಹೆಂಗಸರ ನಡುವೆ ಕೂರೋಳು ನೀನು. ನಮ್ಮ ಮನೆಯವರು ಹೀಗೆ ಬರೀತಿದಾರೆ, ಹಾಗೆ ಬರೀತಿದಾರೆ ಅಂತ ಊರಿಗೆಲ್ಲ ಡಂಗುರ ಹೊಡೆದಿರ್ತೀಯ!"

ಹೆಂಡತಿಯ ನಗು ಇಳಿಯಿತು. ಈ ಮನುಷ್ಯ ಬರೆದು ಹರಿದ ಕಾಗದಗಳನ್ನು ಇಷ್ಟು ವರ್ಷ ಗುಡಿಸಿದವಳು ಅವಳು, ಅವನ ಕಥೆಯ ಮಗುವಿಗಾಗಿ ಸೌಟು ಹಿಡಿದು ನಿಂತವಳು ಅವಳು. "ಹೌದು, ಹೊಡೆದೆ," ಎಂದಳು. "ತಮಟೆ ಕಟ್ಕೊಂಡು ಹೊಡೆದೆ. ನಿಮಗೆ ಬೈಯೋಕೆ ಯಾರಾದ್ರೂ ಬೇಕಲ್ಲ, ಬೈಕೊಳ್ಳಿ." ಅಂದಿನಿಂದ ಊಟ ಬಡಿಸುವಾಗಲೂ ಅವಳು ಮಾತಾಡಲಿಲ್ಲ. ತಟ್ಟೆ ಮೇಜಿನ ಮೇಲೆ ಇಡುವ ಸದ್ದಿನಲ್ಲೇ ಹೇಳಬೇಕಾದದ್ದೆಲ್ಲ ಹೇಳುತ್ತಿದ್ದಳು.

ಕರಡಿಗೆ ಅದೂ ತಾಗಲಿಲ್ಲ. ಹೊಟ್ಟೆಯಲ್ಲಿ ಬೆಂಕಿ ಹೊತ್ತಿದವನಿಗೆ ಪಕ್ಕದವರ ಮುಖ ಕಾಣುವುದಿಲ್ಲ. ಮುದ್ರಣಾಲಯದಲ್ಲಿ ಕಂಪ್ಯೂಟರ್ ಮುಂದೆ ಕೂರುವವನನ್ನು ತರಾಟೆಗೆ ತೆಗೆದುಕೊಂಡ, ಬೈಂಡರ್‌ನನ್ನು ಗದರಿಸಿದ, ಯಜಮಾನನನ್ನೂ ಓರೆಗಣ್ಣಿನಿಂದ ನೋಡಿದ. ನರ್ಸಮ್ಮನ ಪುಸ್ತಕಕ್ಕೆ ಭಾನುವಾರ ಒಂದು ಸಭೆ ಇದೆ ಎಂದು ಪತ್ರಿಕೆಯಲ್ಲಿ ಓದಿದ ಮೇಲಂತೂ ಅವನನ್ನು ಹಿಡಿಯುವವರೇ ಇರಲಿಲ್ಲ.

ಸಣ್ಣ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿಗಳು, ಕರಕರ ಎನ್ನುವ ಮೈಕು. ವೇದಿಕೆಯ ಮೇಲೆ ನರ್ಸಮ್ಮ ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದಳು. ಭಾಷಣಕಾರನೊಬ್ಬ, ಇಂಥ ಕಥೆ ನಮ್ಮಲ್ಲಿ ಈವರೆಗೆ ಯಾರೂ ಬರೆದಿಲ್ಲ ಎಂದ. ಅಷ್ಟೇ ಸಾಕಾಯಿತು. ಕರಡಿ ಹಿಂದಿನ ಸಾಲಿನಲ್ಲಿ ಎದ್ದು ನಿಂತ.

"ನಾನು ಬರೆದಿದೀನಿ!" ಅವನ ದನಿಗೆ ಮೈಕು ಬೇಕಿರಲಿಲ್ಲ. "ಅಂಗಡಿ ನಂದು, ಕೋಟು ನಂದು, ಚಹಾ ಲೋಟ ನಂದು! ಇದು ಕದ್ದ ಮಾಲು. ಈಕೆ ಕಳ್ಳಿ. ಇವತ್ತು ನೀವು ಸನ್ಮಾನ ಮಾಡ್ತಿರೋದು ಒಬ್ಬ ಕಳ್ಳಿಗೆ!"

ಯಾರೋ ಅವನ ತೋಳು ಹಿಡಿದರು, ಕೊಡವಿಕೊಂಡ. ನರ್ಸಮ್ಮನ ಕೈ ಚೀಲವನ್ನು ಬಿಗಿಯಾಗಿ ಹಿಡಿಯಿತು. "ನೀವು ಯಾರು?" ಎಂದು ಕೇಳಿದಳು. ಕರಡಿ ತಾನು ಯಾವ ಮುದ್ರಣಾಲಯದವನು, ಅಲ್ಲಿ ಏನು ಕೆಲಸ ಎಂದು ಹೇಳಿದ. ಅವಳು ಅವನನ್ನೇ ಬಹಳ ಹೊತ್ತು ದಿಟ್ಟಿಸಿದಳು. ಆಮೇಲೆ "ಓ" ಎಂದಳು. ವೇದಿಕೆಯಿಂದ ಇಳಿದು, ಹೂಗುಚ್ಛ ಕುರ್ಚಿಯಲ್ಲೇ ಬಿಟ್ಟು ಹೊರಟುಹೋದಳು.

ಬಾಯಿಗೆ ಬೀಗ ಬಿತ್ತು ನೋಡು ಎಂದು ಕರಡಿ ಹಿಗ್ಗಿದ. ಆದರೆ ಮಾರನೆಯ ದಿನ ಯಜಮಾನ ಅವನನ್ನು ಒಳಗೆ ಕರೆದ. ಯಜಮಾನ ದುಂಡಗಿನ, ಯಾವ ಜಗಳವೂ ಹೊಟ್ಟೆಗೆ ಇಳಿಯದ ಮನುಷ್ಯ. "ನೋಡಯ್ಯ, ಕಳ್ಳತನ ಅಂದ್ಮೇಲೆ ಸಾಕ್ಷಿ ಬೇಕು. ಅವಳ ಪುಸ್ತಕ ಮೊದಲು ಬಂದಿದೆ. ನಾಳೆ ನಿನ್ನದು ಬಂದ್ರೆ ಜನ ನಿನ್ನನ್ನೇ ಕಳ್ಳ ಅಂತಾರೆ. ಈ ಕಥೆ ನಿನ್ನ ತಲೇಲಿ ಮೊದಲೇ ಇತ್ತು ಅಂತ ಹೇಳೋರು ಯಾರಾದ್ರೂ ಇದಾರಾ? ಹೆಂಡತಿ ಬಿಟ್ಟು?"

ಆಗ ಅವನಿಗೆ ಓದೋ ಅಕ್ಕನ ನೆನಪಾಯಿತು. ಬರೆಯಲು ಆರಂಭಿಸಿದ ಹೊಸದರಲ್ಲಿ ಅವಳನ್ನು ನೋಡಲು ಹೋಗಿದ್ದಾಗ, ಒಂದು ಗಡಿಯಾರದ ಅಂಗಡಿಯ ಕಥೆ ಬರೀತಿದೀನಿ ಅಕ್ಕ ಎಂದು ಹೇಳಿದ್ದ. ಅವಳು ಏನೋ ಹೇಳಲು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಮೊಮ್ಮಗು ಬಿದ್ದು ಅತ್ತು ಮಾತು ಅಲ್ಲಿಗೇ ನಿಂತಿತ್ತು.

ಅಕ್ಕ ಮಗಳ ಮನೆಯ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಒಣಗಿದ ಬಟ್ಟೆ ಮಡಿಚುತ್ತಿದ್ದಳು. ಕಣ್ಣು ಕಾಣದಿದ್ದರೂ ಅಂಗಿಯ ತೋಳು, ಅಂಚು, ಗುಂಡಿ ಎಲ್ಲ ಬೆರಳಿಗೆ ಗೊತ್ತಿತ್ತು. ಮೆಟ್ಟಿಲಿನ ಸದ್ದಿಗೇ "ಕರಡಿ ಬಂತು" ಎಂದಳು.

ಅವನು ಕೂರುವ ಮೊದಲೇ ಶುರು ಮಾಡಿದ. ಪುಸ್ತಕ, ನರ್ಸಮ್ಮ, ಸಭೆ, ಕಳ್ಳಿ. ಅಕ್ಕನ ಕೈ ಬಟ್ಟೆಯ ಮೇಲೆ ನಿಂತಿತು.

"ಸಭೇಲಿ ಎದ್ದು ಕಳ್ಳಿ ಅಂದ್ಯಾ? ಆಯಮ್ಮನಿಗೆ?"

"ಅನ್ನದೆ ಮತ್ತೆ? ನೀನೇ ಸಾಕ್ಷಿ ಅಕ್ಕ. ಗಡಿಯಾರದ ಅಂಗಡಿ ಕಥೆ ನಿನಗೆ ಹೇಳಿರ್ಲಿಲ್ವಾ ನಾನು?"

"ನೀನು ನನಗೆ ಹೇಳಿದ್ದಲ್ಲ ಕಣೋ," ಎಂದಳು ಅಕ್ಕ. "ನಾನು ನಿನಗೆ ಹೇಳಿದ್ದು."

ಕರಡಿಗೆ ಅರ್ಥವಾಗಲಿಲ್ಲ.

"ನಾನೇ ನಿನಗೆ ಓದಿದ್ದು. ಹಳೇ ಕಾಲದಲ್ಲಿ, ಆ ಕೋಣೇಲಿ, ನಿನ್ನ ಎದುರಿಗೆ ಕೂತು. ಆಸ್ಪತ್ರೆ ಹುಡುಗಿಯೊಬ್ಬಳು ಡ್ಯೂಟಿ ಮುಗಿಸ್ಕೊಂಡು ಬಿಳಿ ಬಟ್ಟೇಲೇ ಬರ್ತಿದ್ಲು, ಬಾಗಿಲ ಹತ್ರ ನಿಂತು ನಾವು ಓದೋದನ್ನ ಕೇಳ್ತಿದ್ಲು. ನೀನು ಒಂದು ಸಲ, 'ಇಲ್ಲಿ ನಿಲ್ಲಬೇಡಿ, ಗಾಳಿಗೆ ಅಡ್ಡ' ಅಂತ ಗದರಿದೆ. ಆ ಹುಡುಗೀನೇ ಇವಳು."

"ಸುಳ್ಳು. ಆ ಪುಸ್ತಕ ನಮ್ಮಲ್ಲಿ ಅಚ್ಚಾಗಿಲ್ಲ. ಆಗಿದ್ರೆ ನನಗೆ ಗೊತ್ತಿರ್ತಿತ್ತು."

"ಆಗಲಿಲ್ಲ. ನಡುವೆ ನಿಂತುಹೋಯ್ತು. ಅವಳ ಅಣ್ಣ ಬಂದು ದೊಡ್ಡ ಗಲಾಟೆ ಮಾಡಿದ. ಅಪ್ಪ ಓಡಿಹೋಗಿದ್ದನ್ನ ಊರಿಗೆಲ್ಲ ಹಂಚ್ತೀಯಾ ಅಂತ. ಅದು ಅವರ ಮನೇದೇ ಕಥೆ ಕಣೋ. ಆ ಅರ್ಧ ಚಹಾ ಕುಡೀತಿದ್ದ ಮಗು ಅವಳೇ. ಯಜಮಾನ್ರು ನಮಗೆ ಯಾಕೆ ರಗಳೆ ಅಂತ ಜೋಡಿಸಿದ್ದ ಮೊಳೆ ಎಲ್ಲ ಬಿಚ್ಚಿಸಿಬಿಟ್ರು. ಹಸ್ತಪ್ರತಿ ವಾಪಸು ಕೊಟ್ಟೋಳು ನಾನೇ. ಆ ಹುಡುಗಿ ಎದೆಗವಚ್ಕೊಂಡು ತಗೊಂಡು ಹೋದ್ಲು." ಅಕ್ಕ ಇನ್ನೊಂದು ಅಂಗಿ ಕೈಗೆತ್ತಿಕೊಂಡು ಹೇಳಿದಳು, "ಮಗಳಿಗೆ ಹನ್ನೆರಡು ತುಂಬೋ ಕಡೆಗೆ ನಿಂತಿತ್ತು ಅಂತ ನೆನಪು. ಅದರಿಂದಾಚೆ ನಾವು ಓದಲೇ ಇಲ್ಲ."

ಕರಡಿಗೆ ಆಗ ಹೊಳೆಯಿತು. ಹನ್ನೆರಡು ತುಂಬುವ ಅಧ್ಯಾಯ. ಅಲ್ಲಿಯವರೆಗೆ ನೀರಿನಂತೆ ಹರಿದು ಬಂದದ್ದು, ಅಲ್ಲಿಂದ ಮುಂದೆ ತಾನು ತಿಣುಕಿದ್ದು. ಒಂದು ಸಾಲೂ ಮನೆಗೆ ತಂದಿಲ್ಲ ಎಂದು ಎದೆ ತಟ್ಟಿಕೊಂಡವನು ಇಡೀ ಅಂಗಡಿಯನ್ನೇ ಹೊತ್ತು ತಂದಿದ್ದ. ಕೋಟು, ಲೋಟ, ಮಗು ಸಮೇತ. ಕಿವಿಯಲ್ಲಿ ಕೂತು ಹೇಳಿದವರು ಯಾರು ಎಂಬುದಕ್ಕೆ ಉತ್ತರ ಎದುರಿಗೇ ಕೂತು ಅಂಗಿ ಮಡಿಚುತ್ತಿತ್ತು.

"ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಅಕ್ಕನ ಮೇಲೇ ಹರಿಹಾಯ್ದ. "ಬರೀತಿದೀನಿ ಅಂದಾಗ ಯಾಕೆ ಹೇಳಲಿಲ್ಲ ನೀನು?"

"ನೀನು ಯಾವತ್ತು ಯಾರ ಮಾತು ಮುಗಿಯೋವರೆಗೆ ಕೂತಿದೀಯ?" ಅಕ್ಕನ ದನಿ ಹಳೆಯ ಒಂದೇ ಸಮದಲ್ಲಿರಲಿಲ್ಲ. ಅದೂ ಈಗ ಏರಿತ್ತು. "ಕೇಳಲ್ಲ, ಕೇಳಲ್ಲ ಅಂತ ಮೆರೀತಿದ್ದೆಯಲ್ಲ. ಅಷ್ಟು ವರ್ಷ ಗಂಟಲು ಹರ್ಕೊಂಡು ಓದಿದೀನಿ ನಾನು. ನನಗೆ ಒಂದೊಂದು ಕಥೇನೂ ನೆನಪಿದೆ, ಇದು ಯಾರದು, ಅದು ಯಾರದು ಅಂತ. ಯಾಕೆಂದ್ರೆ ನಾನು ಕೇಳಿಸ್ಕೊಂಡೇ ಓದ್ತಿದ್ದೆ. ನೀನು ಕದ್ದು ಕೇಳಿದೆ. ಅದಕ್ಕೇ ನಿನಗೆ ಗೊತ್ತಾಗಲಿಲ್ಲ."

ಅವನು ಮೆಟ್ಟಿಲಿಳಿದು ಬಂದ. ಸಿಟ್ಟು ಇನ್ನೂ ಇತ್ತು, ಆದರೆ ಅದನ್ನು ಯಾರ ಮೇಲೆ ಹಾಕುವುದೆಂದು ತೋಚಲಿಲ್ಲ. ಬದುಕಿನಲ್ಲಿ ಮೊದಲ ಸಲ ಬೈಯಲು ಎದುರಿಗೆ ಯಾರೂ ಇರಲಿಲ್ಲ. ಬಸ್ಸಿನಲ್ಲಿ ಒಬ್ಬ ಕಾಲು ತುಳಿದ, ಇವನು ಅವನಿಗೂ ಏನೂ ಅನ್ನಲಿಲ್ಲ.

ಯಜಮಾನನಿಗೆ ಹೇಳಿದರೆ ಅವನು ಹೊಟ್ಟೆ ಕುಣಿಸಿ ನಕ್ಕ. "ಇಷ್ಟೇ ತಾನೆ! ಗಡಿಯಾರ ತೆಗೆದು ರೇಡಿಯೋ ಮಾಡು. ಚಹಾ ತೆಗೆದು ಕಾಫಿ ಮಾಡು. ಮಗಳು ಇದ್ದ ಕಡೆ ಮಗ. ಯಾರಿಗೆ ಗೊತ್ತಾಗ್ತದೆ? ಲೋಕದಲ್ಲಿ ಎಲ್ಲ ಕಥೇನೂ ಇನ್ನೊಂದರ ಹಾಗೇ ಇರ್ತವಪ್ಪ."

"ಗೊತ್ತಾಗಲ್ಲ ಅಂತ ಮಾಡೋಕೆ ನಾನೇನು ಜೇಬುಗಳ್ಳನಾ?" ಕರಡಿ ಮೇಜು ಗುದ್ದಿದ ರಭಸಕ್ಕೆ ಪೆನ್ನಿನ ಡಬ್ಬಿ ಉರುಳಿತು. "ಅವತ್ತು ಅವಳ ಮೊಳೆ ಬಿಚ್ಚಿಸಿದ್ದು ನೀವು. ನಿಮಗೆ ನೆನಪಾದ್ರೂ ಇದೆಯಾ?"

ಯಜಮಾನನಿಗೆ ನೆನಪಿರಲಿಲ್ಲ. ಅವನ ಪಾಲಿಗೆ ಅದು ನಡುವೆ ನಿಂತ ಎಷ್ಟೋ ಕೆಲಸಗಳಲ್ಲಿ ಒಂದು. ಕರಡಿಗೆ ಅವನ ನಗು ಕಂಡು ಮೈಯೆಲ್ಲ ಉರಿಯಿತು. ಆದರೆ ತನಗೂ ನೆನಪಿರಲಿಲ್ಲವಲ್ಲ ಎಂದು ಹೊಳೆದು ಆ ಉರಿ ಒಳಕ್ಕೇ ತಿರುಗಿತು. ಮೇಜಿನ ಮೇಲಿದ್ದ ತನ್ನ ಪುಸ್ತಕದ ಪುಟಗಳನ್ನೆಲ್ಲ ಬಾಚಿ ಚೀಲಕ್ಕೆ ತುಂಬಿಕೊಂಡು ಮನೆಗೆ ಬಂದ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೆಂಡತಿಯ ಬೆನ್ನಿಗೆ ಹೇಳಿದ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಮೇಲೆ ಸುಮ್ಮನೆ ಕೂಗಾಡಿದೆ," ಎಂದ.

"ಕೂಗಾಡಿದ್ರಿ." ಅವಳು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡಳು. "ನನ್ನ ಹತ್ರ ಆಮೇಲೆ ಬನ್ನಿ. ನನಗೆ ಅಭ್ಯಾಸ ಆಗಿದೆ. ಮೊದಲು ಆಯಮ್ಮನ ಮನೆಗೆ ಹೋಗಿ. ನಾಲ್ಕು ಜನರ ಮುಂದೆ ಕಳ್ಳಿ ಅನ್ನಿಸ್ಕೊಂಡು ಮನೇಲಿ ಕೂತಿದಾಳೆ ಪಾಪ."

ನರ್ಸಮ್ಮನ ಮನೆ ಒಂದು ವಠಾರದ ಕೊನೆಯಲ್ಲಿತ್ತು. ಬಾಗಿಲು ತೆರೆದವಳು ಅವನನ್ನು ನೋಡಿ ಮುಚ್ಚಲು ಹೋದಳು. ಆಮೇಲೆ ಏನೆನ್ನಿಸಿತೋ, ಹಾಗೇ ತೆರೆದಿಟ್ಟು ಒಳಗೆ ಹೋಗಿ ಕೂತಳು. ಕೂರಿ ಎನ್ನಲಿಲ್ಲ. ಅವನು ಚೀಲ ಹಿಡಿದುಕೊಂಡು ನಿಂತೇ ಇದ್ದ.

"ಕಳ್ಳ ನಾನು," ಎಂದ. ಅಕ್ಕ ಹೇಳಿದ್ದನ್ನೆಲ್ಲ ಹೇಳಿದ. "ಆದರೆ ಬೇಕಂತ ಮಾಡಿದ್ದಲ್ಲಮ್ಮ. ನಾನು ಕಥೆ ಕೇಳ್ತಾನೇ ಇರಲಿಲ್ಲ. ನನ್ನ ಕೆಲಸ ಅಕ್ಷರ ನೋಡೋದು ಅಷ್ಟೆ."

ಕ್ಷಮೆ ಕೇಳಲು ಬಂದವನು ಬಳಸಬಾರದ ಮಾತು ಅದೊಂದೇ ಆಗಿತ್ತು. ನರ್ಸಮ್ಮನ ಮುಖ ಕೆಂಪಾಯಿತು.

"ಕೇಳ್ತಾನೇ ಇರಲಿಲ್ವಾ?" ಎಂದಳು. "ನಮ್ಮಣ್ಣ ಸಾಯೋವರೆಗೂ ನಾನು ಆ ಹಾಳೆಗಳನ್ನ ಟ್ರಂಕಿನ ತಳದಲ್ಲಿ ಇಟ್ಟಿದ್ದೆ. ಅಷ್ಟು ವರ್ಷ ನನ್ನ ಕಥೇನ ಗಟ್ಟಿಯಾಗಿ ಓದಿ ಕೇಳಿದ ಜಾಗ ಅಂದ್ರೆ ನಿಮ್ಮ ಕೋಣೆ ಒಂದೇ. ರಾತ್ರಿ ಪಾಳಿ ಮುಗಿಸಿ ಕಣ್ಣು ಉರೀತಿದ್ರೂ ಮನೆಗೆ ಹೋಗದೆ ಬಂದು ಬಾಗಿಲಲ್ಲಿ ನಿಲ್ತಿದ್ದೆ ನಾನು. ಯಾಕೆ? ಆಯಮ್ಮ ಓದೋಳು, ನೀವು ತಲೆ ತಗ್ಗಿಸ್ಕೊಂಡು ಕೇಳೋರು. ಒಬ್ಬರಾದ್ರೂ ಕೇಳ್ತಿದಾರೆ ಅಂದ್ಕೊಂಡಿದ್ದೆ. ಕದ್ದದ್ದಕ್ಕೆ ನನಗೆ ಸಿಟ್ಟಿಲ್ಲ. ಸಭೇಲಿ ನೀವು ಕೂಗಾಡಿದಾಗ ನೋವಾಯ್ತು, ಆದರೆ ಯಾವ ಪ್ರೆಸ್ಸಿನವರು ಅಂತ ಗೊತ್ತಾದ ಮೇಲೆ ನನಗೆ ಏನನ್ನಿಸ್ತು ಗೊತ್ತಾ? ಕೇಳಿದ್ರು, ಮರೀಲಿಲ್ಲ ಅನ್ನಿಸ್ತು. ಈಗ ಬಂದು ಕೇಳಿರಲೇ ಇಲ್ಲ ಅಂತೀರಲ್ಲ, ನಾಚಿಕೆ ಆಗಲ್ವಾ?"

ಕರಡಿ ತಲೆ ತಗ್ಗಿಸಿದ. ಜೀವಮಾನವಿಡೀ ಮೆರೆದ ಆ ವಿದ್ಯೆ ಎಂಥ ಹೊಲಸು ವಿದ್ಯೆ ಎಂದು ಅವನಿಗೆ ಅಸಹ್ಯವಾಯಿತು.

"ಕೇಳಿದ್ದೆ," ಎಂದ. "ಕೇಳಿದ್ದೆ ಅಮ್ಮ. ಇಲ್ಲದಿದ್ರೆ ಆ ಮಗು ನನ್ನ ಜೊತೆ ಯಾಕೆ ಬರ್ತಿತ್ತು?"

ಅವನು ಚೀಲದಿಂದ ಪುಟಗಳನ್ನು ತೆಗೆದು, ಇದನ್ನು ಅಚ್ಚು ಹಾಕಿಸುವುದಿಲ್ಲ, ನಿಮ್ಮ ಕಣ್ಣೆದುರೇ ಹರಿದು ಹಾಕುತ್ತೇನೆ ಎಂದ. ಅವಳು ಆ ಪುಟಗಳತ್ತ ನೋಡಿ, ಮನಸ್ಸಿಲ್ಲದವಳಂತೆ ಕೇಳಿದಳು.

"ಅಲ್ಲಿ ಓದೋದು ನಿಂತುಹೋದ ಮೇಲಿನದು ನೀವು ಏನು ಬರೆದ್ರಿ?"

ಅವನಿಗೆ ಹೇಳಲು ಹೆದರಿಕೆಯಾಯಿತು. ಅವನು ಅತ್ತು ಬರೆದ ಪುಟ, ಇಡೀ ಪುಸ್ತಕದಲ್ಲಿ ಪೂರ್ತಿ ತನ್ನದೇ ಆದ ಒಂದೇ ಭಾಗ. "ಗಂಡ ವಾಪಸು ಬರ್ತಾನೆ," ಎಂದ.

"ಏನು?"

"ಮುದುಕನಾಗಿ ಬರ್ತಾನೆ. ಅಂಗಡಿ ಮುಂದೆ ನಿಲ್ತಾನೆ. ಮಗಳಿಗೆ ಗುರುತು ಸಿಗಲ್ಲ."

"ಬರಲಿಲ್ಲ!" ನರ್ಸಮ್ಮ ಎದ್ದು ನಿಂತಳು. ಅವಳ ಕೂಗು ವಠಾರಕ್ಕೆಲ್ಲ ಕೇಳಿರಬೇಕು. "ಬರಲಿಲ್ಲ ಕಣಯ್ಯ! ನಮ್ಮಮ್ಮ ಸಾಯೋ ದಿನದವರೆಗೂ ಬಾಗಿಲ ಕಡೆ ಮುಖ ಮಾಡಿ ಮಲಗಿದ್ಲು. ಬೋರ್ಡಿನಲ್ಲಿ ಹೆಸರು ಬದಲಾಯಿಸಿದ್ದು ಕೂಡ ನನ್ನ ಪುಸ್ತಕದಲ್ಲೇ, ನಿಜವಾಗ್ಲೂ ಅವಳು ಅದನ್ನ ಮುಟ್ಟೋಕೂ ಬಿಡಲಿಲ್ಲ. ಅವನು ಬಂದ್ರೆ ಗುರುತು ಸಿಗಬೇಕಲ್ಲ ಅಂತ. ನಾವು ಅಷ್ಟು ಜನ ಅಷ್ಟು ವರ್ಷ ಕಾದ್ರೂ ಬರದೋನನ್ನ ನೀನು ಕುರ್ಚೀಲಿ ಕೂತು, ಪೆನ್ನಲ್ಲಿ ಕರ್ಕೊಂಡು ಬಂದ್ಬಿಟ್ಯಾ? ಯಾರು ಹೇಳಿದ್ರು ನಿನಗೆ? ಯಾರಪ್ಪನ ಮನೆ ಅಂತ ತಿಳ್ಕೊಂಡೆ?"

ಕರಡಿಯ ಪಾಲಿಗೆ ಉಳಿದಿದ್ದ ಒಂದೇ ಒಂದು ಪ್ರಾಮಾಣಿಕ ಭಾಗ ಈ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕಳ್ಳತನದಂತೆ ಕಾಣುತ್ತಿತ್ತು. ಅವನು ಪುಟಗಳ ಕಟ್ಟನ್ನು ಎರಡು ಕೈಯಲ್ಲಿ ಹಿಡಿದು ಹರಿಯಲು ಹೋದ.

"ಹರೀಬೇಡ," ಎಂದಳು. ಸಿಟ್ಟು ಹಾಗೇ ಇತ್ತು. ಅವಳು ಕೈ ಚಾಚಿ ಅವುಗಳನ್ನು ಕಸಿದುಕೊಂಡಳು. "ಇದನ್ನ ಎಲ್ಲೂ ಅಚ್ಚು ಹಾಕಕೂಡದು. ಇನ್ನೊಂದು ಪ್ರತಿ ಇದ್ರೆ ಸುಟ್ಟುಹಾಕು. ಇನ್ನು ಈ ಬಾಗಿಲಿಗೆ ಬರಬೇಡ."

"ಆಯ್ತಮ್ಮ."

"ಯಾವ ಪುಟದಲ್ಲಿ ಬರ್ತಾರೆ?"

ಅವನಿಗೆ ಥಟ್ಟನೆ ತಿಳಿಯಲಿಲ್ಲ. ತಿಳಿದಾಗ ಹತ್ತಿರ ಹೋಗಿ, ಅವಳ ಕೈಯಲ್ಲಿದ್ದ ಕಟ್ಟಿನಲ್ಲೇ ಹುಡುಕಿ, ಮುದುಕ ಅಂಗಡಿಯ ಮುಂದೆ ಬಂದು ನಿಲ್ಲುವ ಪುಟವನ್ನು ಮೇಲಕ್ಕೆ ತೆಗೆದುಕೊಟ್ಟ. ಅವಳು ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ತಿರುಗಿ ಕೂತಳು. ಅವನು ಹೊರಗೆ ಬಂದು ಬಾಗಿಲು ಎಳೆದುಕೊಂಡ.